ಹೋಳಿಗೆಗೆ ಅಡ್ಡ ನಿಂತ ಒಕ್ಕಣ್ಣಿನ ಗಾಡಿ

ನನ್ನ ತಮ್ಮ ಇನ್ನೂ ಹಾಲುಹಲ್ಲು ಉದುರಿಸುತ್ತಿದ್ದ ವಯಸ್ಸಿನಲ್ಲಿ ಅವ್ವ ಹೋಳಿಗೆ ತಿನ್ನುವುದನ್ನು ಬಿಟ್ಟಳು. ಈಗ ಅವನ ತಲೆಯ ಮೇಲೆ ಕೂದಲನ್ನು ಹುಡುಕಬೇಕು. ನಡುವಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹೋಳಿಗೆಗೆ ಬರವಿತ್ತೆಂದಲ್ಲ. ಹೋಳಿ, ಯುಗಾದಿ, ಕಾರಹುಣ್ಣಿಮೆ, ಬೀಗರು ಬಂದರು, ಬೀಗರು ಮುನಿಸು ಬಿಟ್ಟರು, ಎಲ್ಲದಕ್ಕೂ ಹೋಳಿಗೆಯೇ. ಮಾಡಿದ್ದೆಲ್ಲ ಅವ್ವನೇ. ತಾನು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಕಾರಣ ಸಕ್ಕರೆ ಕಾಯಿಲೆಯಲ್ಲ, ಅತ್ತೆಯ ಕಾಟವೂ ಅಲ್ಲ. ಟೀವಿಯೊಳಗಿನ ಒಂದು ಕಾರು.

ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನಾನು ಜೇವರ್ಗಿಯ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಬದುವಿನ ಮೇಲಿನ ಒಂದು ಬೇವಿನ ಗಿಡ ಯಾರದೆಂದು ಬಡಿದಾಡಿ, ಅಣ್ಣ ಸತ್ತರೆ ತಮ್ಮ ಮಣ್ಣಿಗೆ ಹೋಗದ ಮನೆಗಳನ್ನು ಕಂಡಿದ್ದೇನೆ. ಅವರ ಮುಂದೆ ನಮ್ಮ ಕಾರಿನ ಕಾರಣ ಏನೂ ಹಗುರವಲ್ಲ ಎಂದು ನನಗೆ ಅನ್ನಿಸುತ್ತದೆ.

ಆಗ ನಾವು ಆಳಂದದಲ್ಲಿದ್ದೆವು. ಅಪ್ಪ ಸರಕಾರಿ ಸರ್ವೇಯರ್, ಹೊಲ ಅಳೆಯುವ ಕೆಲಸ, ಊರೂರು ವರ್ಗಾವಣೆ. ಬಾಡಿಗೆ ಮನೆಯ ಒಂದು ಮೂಲೆಯಲ್ಲಿ ಅಡಿಗೆ, ಎದುರು ಮೂಲೆಯಲ್ಲಿ ಟೀವಿ. ಕೇಬಲ್ಲು ಹೊಸದು. ಸಂಜೆ ಒಂದು ಕಾರ್ಟೂನು ಬರುತ್ತಿತ್ತು: ಕಾರು, ಲಾರಿ, ಬಸ್ಸುಗಳು ಎದ್ದು ನಿಂತು ಮನುಷ್ಯರ ಆಕಾರದ ಯಂತ್ರಗಳಾಗಿ ಹೊಡೆದಾಡುವುದು. ಎಲ್ಲ ಇಂಗ್ಲಿಷಿನಲ್ಲಿ. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಹೊಡೆದಾಟ ತಿಳಿಯುತ್ತಿತ್ತು. ಓಣಿಯ ಹುಡುಗರೆಲ್ಲ ಅದರ ನಾಯಕನಾದ ದೊಡ್ಡ ಲಾರಿಯ ಹಿಂದೆ ಬಿದ್ದಿದ್ದರು. ನನ್ನ ತಮ್ಮ ಹಿಡಿದದ್ದು ಯಾರೂ ಕಣ್ಣೆತ್ತಿ ನೋಡದ ಒಂದನ್ನು.

ಅದು ಸಾಸಿವೆ ಬಣ್ಣದ ಗಿಡ್ಡ ಕಾರು. ಮುಂದಿನ ಎರಡು ದೀಪಗಳಲ್ಲಿ ಒಂದು ಒಡೆದಿತ್ತು, ಎಡಗಡೆಯದು ಮಾತ್ರ ಉರಿಯುತ್ತಿತ್ತು. ಯಾವಾಗಲೂ ಗುಂಪಿನ ತುದಿಗೆ ನಿಂತಿರುತ್ತಿತ್ತು. ಉಳಿದವೆಲ್ಲ ಎದ್ದ ಮೇಲೆ ತಾನೂ ಏಳುತ್ತಿತ್ತು. ಬಾಗಿಲುಗಳು ತೋಳಾಗುತ್ತಿದ್ದವು, ಮುಂದಿನ ಮುಚ್ಚಳ ಎದೆಯಾಗುತ್ತಿತ್ತು, ಆ ಒಂದು ದೀಪ ಹೆಗಲ ಮೇಲೆ ಬಂದು ಕೂಡುತ್ತಿತ್ತು. ಅದು ಎದ್ದು ನಿಲ್ಲುವಷ್ಟರಲ್ಲಿ ಯುದ್ಧ ಮುಗಿದಿರುತ್ತಿತ್ತು. ಮತ್ತೆ ಮಡಚಿಕೊಂಡು ಕಾರಾಗಿ ಎಲ್ಲರ ಹಿಂದೆ ಹೋಗುತ್ತಿತ್ತು. ಅದರ ಹೆಸರೇನೆಂದು ನಮಗೆ ಗೊತ್ತಿರಲಿಲ್ಲ, ಮನೆಯಲ್ಲಿ ಎಲ್ಲರೂ ಅದನ್ನು ಒಕ್ಕಣ್ಣಿನ ಗಾಡಿ ಎನ್ನುತ್ತಿದ್ದೆವು.

"ಲೇ, ಅಷ್ಟು ದೊಡ್ಡ ಲಾರಿ ಬಿಟ್ಟು ಆ ದರಿದ್ರದ್ದನ್ನ ಯಾಕ ನೋಡ್ತಿ?" ಎಂದು ನಾನು ಕೇಳುತ್ತಿದ್ದೆ.

"ತಡಾ ಆದ್ರೂ ಏಳ್ತದಲ್ಲ ಅಕ್ಕಾ," ಎನ್ನುತ್ತಿದ್ದ.

ಅವ್ವ ರೊಟ್ಟಿ ಬಡಿಯುತ್ತ ಅರ್ಧ ಕಣ್ಣಿನಿಂದ ನೋಡುತ್ತಿದ್ದಳು. ಒಕ್ಕಣ್ಣಿನ ಗಾಡಿ ಏಳುವ ಹೊತ್ತಿಗೆ ಅವಳ ಕೈ ನಿಲ್ಲುತ್ತಿತ್ತು ಎಂಬುದು ನನಗೆ ನೆನಪಿದೆ, ಯಾಕೆಂದರೆ ಬಡಿಯುವ ಸದ್ದು ನಿಂತಾಗ ನಾವು ತಿರುಗಿ ನೋಡುತ್ತಿದ್ದೆವು.

ಆ ಮಳೆಗಾಲದಲ್ಲಿ ತಮ್ಮನಿಗೆ ಟೈಫಾಯ್ಡ್ ಆಯಿತು. ಡಾಕ್ಟರರು ಬಂದರು, ಸೂಜಿ, ಗುಲ್ಕೋಸು ಎಲ್ಲ ಆಯಿತು, ಜ್ವರ ಇಳಿಯಲಿಲ್ಲ. ತಲೆಗೇರಿ ಬಡಬಡಿಸತೊಡಗಿದ. ಬಡಬಡಿಕೆಯಲ್ಲಿ ಅವ್ವನ ಹೆಸರಿಲ್ಲ, ಅಪ್ಪನ ಹೆಸರಿಲ್ಲ. "ಒಕ್ಕಣ್ಣಿನ ಗಾಡಿ ಬಂತೇನಬೇ ಅವ್ವಾ?" ಅದೊಂದೇ. "ಬರಾಕತ್ತದಪಾ, ಬರಾಕತ್ತದ," ಎಂದು ಅವ್ವ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅವನ ಪಕ್ಕಕ್ಕೆ ನನ್ನನ್ನು ಕೂಡಿಸಿ, ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಭೀಮಾ ಹೊಳೆಯ ದಂಡೆಯ ಘತ್ತರಗಿಗೆ, ಭಾಗ್ಯವಂತಿಯ ಗುಡಿಗೆ. ಸಂಜೆ ಹಣೆ ತುಂಬ ಗುಡಿಯ ಅರಿಶಿನದ ಭಂಡಾರ ಹಚ್ಚಿಕೊಂಡು ಮರಳಿದಳು.

ಅಪ್ಪ ಬಾಗಿಲಲ್ಲೇ ಹಿಡಿದ. "ಏನು ಬೇಡಿಕೊಂಡಿ?"

"ನನ್ನ ಮಗ ಎದ್ದು ಕೂಡಲಿ. ಅವ ಬೇಡಿದ ಗಾಡಿ ಮನಿಗೆ ಬರ್ತದ, ನಿನ್ನ ಗುಡಿಗೆ ಬಂದು ನಿನ್ನ ಮುಂದ ಎದ್ದು ನಿಲ್ತದ. ಅಲ್ಲೀತನ ನಾ ಹೋಳಿಗಿ ಬಾಯಾಗ ಹಾಕಂಗಿಲ್ಲ ಅಂದೇನಿ."

"ಕೊರಳಾಗ ಲಿಂಗ ಕಟಗೊಂಡು ಹೊಳಿ ದಂಡಿಗೆ ಹೋಗಿ ಸೌದಾ ಮಾಡಿ ಬಂದ್ಯಾ?" ಅಪ್ಪ ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವನು. ಹರಕೆ ಎಂದರೆ ಅವನಿಗಾಗದು.

"ಎರಡೂ ಕಡಿ ಕೇಳೇನ್ರಿ. ಯಾರರೆ ಒಬ್ಬರು ಕೇಳಿಸ್ಕೋತಾರ," ಎಂದು ಅವ್ವ ಒಳಗೆ ಹೋದಳು.

ಕೆಲವು ದಿನಗಳಲ್ಲಿ ಜ್ವರ ಬಿಟ್ಟಿತು. ಔಷಧಿಯಿಂದ ಎಂದು ಅಪ್ಪ, ದೇವಿಯಿಂದ ಎಂದು ಅವ್ವ. ನನ್ನನ್ನು ಯಾರೂ ಕೇಳಲಿಲ್ಲ. ಹರಕೆಗೆ ಹೋಳಿಗೆಯೇ ಯಾಕೆ ಎಂದು ನಾನೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅವ್ವನಿಗೆ ಹೋಳಿಗೆಯೆಂದರೆ ಜೀವ. ಹಬ್ಬದ ಮರುದಿನ ಆರಿದ ಹೋಳಿಗೆಯನ್ನು ಹಾಲಿನಲ್ಲಿ ಮುರಿದು ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ನಮ್ಮ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ಉಣ್ಣುತ್ತಿದ್ದವಳು. ದೇವಿಗೆ ಬಿಡುವುದಾದರೆ ಬೇಡವಾದ ಹೀರೇಕಾಯಿ ಬಿಡಲು ಬರುತ್ತದೆಯೇ? ಒಂದು ತಿಂಗಳ ಮಾತು ಎಂದುಕೊಂಡಿದ್ದಳು. ಆ ಕಾರ್ಟೂನಿನ ಆಟಿಕೆಗಳು ಅಂಗಡಿಗಳಲ್ಲಿ ತೂಗಾಡುತ್ತಿದ್ದವು. ಇವತ್ತಲ್ಲ ನಾಳೆ ತಂದರಾಯಿತು.

ತರುವ ಕೆಲಸ ಹರಕೆಯನ್ನು ಬಯ್ದ ಅಪ್ಪನ ಪಾಲಿಗೆ ಬಂತು. ಕಲಬುರಗಿಗೆ ಹೋದಾಗ ನೋಡಿದ, ಹೈದರಾಬಾದಿಗೆ ತರಬೇತಿಗೆ ಹೋದಾಗ ನೋಡಿದ. ಸೊಲ್ಲಾಪುರಕ್ಕಂತೂ ಅದೇ ಕೆಲಸಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿನ ಅಂಗಡಿಯವನು ದೊಡ್ಡ ಲಾರಿ, ಕೆಂಪು ಕಾರು, ವಿಮಾನ, ಹಕ್ಕಿ, ಎಲ್ಲವನ್ನೂ ಎದುರಿಗಿಟ್ಟ. ಎಲ್ಲವೂ ಮಡಚುತ್ತಿದ್ದವು, ಏಳುತ್ತಿದ್ದವು. ಸಾಸಿವೆ ಬಣ್ಣದ್ದು ಇರಲಿಲ್ಲ.

"ಅದೊಂದು ಬಂದಿಲ್ರೀ ಸಾಹೇಬ್ರ. ಮುಂದಿನ ಲಾಟ್‌ನ್ಯಾಗ ಬರ್ತದ ನೋಡ್ರಿ," ಎಂದ.

ಮುಂದಿನ ಸಲ ಹೋದಾಗಲೂ ಅದೇ ಮಾತು. ಆಮೇಲೆ ಅದು ನಮ್ಮ ಮನೆಯ ಮಾತೇ ಆಯಿತು. ಅಪ್ಪನ ಬಡ್ತಿ, ನಳಕ್ಕೆ ನೀರು, ನನಗೆ ಒಪ್ಪುವ ಗಂಡು, ಯಾವುದನ್ನು ಕೇಳಿದರೂ "ಮುಂದಿನ ಲಾಟ್‌ನ್ಯಾಗ ಬರ್ತದ" ಎಂದು ಯಾರಾದರೊಬ್ಬರು ಅನ್ನುವುದು. ಅವ್ವನೂ ನಗುತ್ತಿದ್ದಳು. ಆದರೆ ಹಬ್ಬದ ದಿನ ಎಲ್ಲರಿಗೂ ಬಡಿಸಿ, ತನ್ನ ತಾಟಿನಲ್ಲಿ ಅನ್ನ ಸಾರು ಹಾಕಿಕೊಂಡು ಕೂಡುತ್ತಿದ್ದಳು.

ಅಪ್ಪನಿಗೆ ಅಫಜಲಪುರಕ್ಕೆ ವರ್ಗವಾದ ಮೇಲೆ ಒಂದು ದಿನ ಅವನು ಹಳದಿ ಕಾರು ತಂದ. ಹಿತ್ತಲಿಗೆ ಹೋಗಿ, ಮೊಳೆಯಿಂದ ಒಂದು ದೀಪವನ್ನು ಕುಟ್ಟಿ ಒಡೆದ. ನಾನು ನೋಡುತ್ತಿದ್ದೆ. ತುಟಿಗೆ ಬೆರಳಿಟ್ಟು ಸುಮ್ಮನಿರೆಂದ. ಒಳಗೆ ತಂದು ಅವ್ವನ ಮುಂದಿಟ್ಟು, "ತಗೋ, ಸಿಕ್ತು," ಎಂದ. ಅವ್ವ ಕೈಗೆತ್ತಿಕೊಂಡಳು. ಬಾಗಿಲು ಎಳೆದಳು, ಬರಲಿಲ್ಲ. ಮುಚ್ಚಳ ಎತ್ತಿದಳು, ಏಳಲಿಲ್ಲ.

"ಇದು ಎದ್ದು ನಿಲ್ಲಂಗಿಲ್ಲಲ್ರಿ."

"ಕಾರು ಕಾರೇ ಅಲ್ಲೇನು? ಇಟ್ಟು ಬಂದುಬಿಡು."

"ದೇವಿ ಕಣ್ಣಾಗ ಮಣ್ಣು ಒಗಿಯೂದು ಬ್ಯಾಡ್ರಿ," ಎಂದು ಕಾರನ್ನು ಓಣಿಯ ಕೂಸಿಗೆ ಕೊಟ್ಟಳು. ಸಿಟ್ಟು ಮಾಡಲಿಲ್ಲ.

ತಮ್ಮನಿಗೆ ಆ ಹೊತ್ತಿಗಾಗಲೇ ಮೀಸೆ ಮೂಡುತ್ತಿತ್ತು, ಕಾರ್ಟೂನಿನ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ. "ನನಗ ಬ್ಯಾಡಬೇ ಅವ್ವಾ ಆ ಗಾಡಿ. ನೀ ತಿನ್ನು," ಎಂದ. "ನಿನಗ ಬೇಕೋ ಬ್ಯಾಡೋ ಅಂತ ಯಾರು ಕೇಳ್ಯಾರ? ನಾ ಆಕಿಗೆ ಮಾತು ಕೊಟ್ಟೀನಿ," ಎಂದಳು ಅವ್ವ. ಅಲ್ಲಿಗೆ ಆ ಮಾತು ನಿಂತಿತು.

ಈಗ ಹೋಳಿಗೆಯ ಬಗ್ಗೆ ಒಂದು ಮಾತು. ಹೂರಣ ರುಬ್ಬುವಾಗ ಚೂರು ಬಾಯಿಗೆ ಹಾಕಿ ನೋಡದೆ ಯಾರೂ ಹೋಳಿಗೆ ಮಾಡುವುದಿಲ್ಲ. ಅವ್ವ ಅದನ್ನೂ ಬಿಟ್ಟಳು. ನಾಲಿಗೆ ದೇವಿಗೆ ಹೋಯಿತು, ಮೂಗು ಉಳಿಯಿತು. ಬೆಲ್ಲವನ್ನು ಕೈ ಅಳತೆಯ ಮೇಲೆ ಹಾಕುತ್ತಿದ್ದಳು, ಏಲಕ್ಕಿಯನ್ನು ವಾಸನೆಯ ಮೇಲೆ. ಹೂರಣದ ಮೇಲೆ ಬಗ್ಗಿ, ಮೂಗಿಗೆ ಘಮ್ಮೆಂದು ಬಡಿಯುವವರೆಗೂ ಪುಡಿ ಉದುರಿಸುವುದು. ಮೊದಲೆಲ್ಲ ಸರಿಯಾಗಿಯೇ ಇತ್ತು. ವಯಸ್ಸಾದಂತೆ ಅವಳ ಮೂಗು ಮಂದವಾಯಿತು, ಏಲಕ್ಕಿ ಏರತೊಡಗಿತು. ಅಪ್ಪನಿಗೆ ಮೊದಲ ಹೋಳಿಗೆ ಬಡಿಸಿ "ಹ್ಯಾಂಗ ಆಗ್ಯಾವ್ರಿ?" ಎಂದು ಕೇಳುತ್ತಿದ್ದಳು. "ಬರೋಬ್ಬರಿ ಆಗ್ಯಾವ," ಎನ್ನುತ್ತಿದ್ದ. ಅವನು ಹಾಗಂದ ಮೇಲೆ ನಾವು ಬೇರೆ ಅನ್ನುವುದೇನಿತ್ತು? ತಮ್ಮನ ಹೆಂಡತಿ ಮದುವೆಯಾಗಿ ಬಂದ ಮೊದಲ ಹಬ್ಬದಲ್ಲಿ, "ಅತ್ತೀ, ಏಲಕ್ಕಿ ಜರಾ..." ಎಂದು ಬಾಯಿ ತೆರೆದಳು. ಅಪ್ಪ ಅವಳ ಮಾತನ್ನು ಅಲ್ಲೇ ತಡೆದು, "ಬರೋಬ್ಬರಿ ಆಗ್ಯಾವವ್ವಾ, ನನಗ ಇನ್ನೊಂದು ಹಾಕು," ಎಂದ. ಜಾಣೆ ಹುಡುಗಿ, ಮತ್ತೆಂದೂ ಆ ಮಾತು ಎತ್ತಲಿಲ್ಲ.

ಹೀಗೆಯೇ ವರ್ಷಗಳು ಕಳೆದವು. ಅಪ್ಪ ನಿವೃತ್ತನಾದ. ತಮ್ಮ ಇಂಜಿನಿಯರನಾಗಿ ಸೊನ್ನದ ಬ್ಯಾರೇಜಿನ ಕೆಲಸಕ್ಕೆ ಬಂದ, ಅಫಜಲಪುರದಲ್ಲಿ ಮನೆ ಕಟ್ಟಿದ, ಅಪ್ಪ ಅವ್ವ ಅವನೊಂದಿಗೆ. ನಾನು ಮದುವೆಯಾಗಿ ಜೇವರ್ಗಿಗೆ ಬಂದೆ. ಒಕ್ಕಣ್ಣಿನ ಗಾಡಿಯ ಸುದ್ದಿಯನ್ನು ಯಾರೂ ತೆಗೆಯುತ್ತಿರಲಿಲ್ಲ.

ಹೋದ ವರ್ಷ ಅವ್ವನ ಪಿತ್ತಕೋಶದಲ್ಲಿ ಕಲ್ಲಾಗಿವೆ ಎಂದು ಕಲಬುರಗಿಯ ದವಾಖಾನೆಗೆ ಸೇರಿಸಿದೆವು. ಆಪರೇಷನ್ನಿಗೆ ಮುಂಚಿನ ಸಂಜೆ ನಾನು ಅವಳ ತಲೆ ಬಾಚುತ್ತಿದ್ದೆ.

"ನಿನ್ನ ಫೋನಿನ್ಯಾಗ ಎಲ್ಲಾ ಬರ್ತಾವಂತಲ್ಲ," ಎಂದಳು. "ಆ ಗಾಡಿ ಬರ್ತದೇನು ನೋಡು."

"ಯಾವ ಗಾಡಿ?" ಎಂದೆ, ಗೊತ್ತಿದ್ದೂ.

"ನಾ ಹೋಗಿಬಿಟ್ರ ಹರಕಿ ಎಲ್ಲಿ ಹೋಗ್ತದ? ಅವನ ಜೀವಕ್ಕ ಬೇಡಿದ್ದು. ನಾ ಇಲ್ಲಂದ್ರ ಆಕಿ ಅವನ್ನೇ ಕೇಳ್ತಾಳ."

"ಹುಚ್ಚು ಮಾತು ಆಡಬ್ಯಾಡ. ಇದು ಸಣ್ಣ ಆಪರೇಷನ್."

"ಸಣ್ಣದೋ ದೊಡ್ಡದೋ, ಕೊಯ್ಯೂದು ಕೊಯ್ಯೂದೇ. ನನಗೇನೂ ಹೆದರಿಕಿ ಇಲ್ಲ. ಅವನ ತಲಿಮ್ಯಾಲ ಬಿಟ್ಟು ಹೋಗೂದಕ್ಕ ಹೆದರಿಕಿ."

ನನಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹೆಣೆದೆ. ಇಷ್ಟು ವರ್ಷ ಇದನ್ನು ಇವಳ ಹಟ ಎಂದುಕೊಂಡಿದ್ದೆವು. ಅದು ಹಟವಾಗಿರಲಿಲ್ಲ, ಭಯವಾಗಿತ್ತು. ಮಗನಿಗೆ ನೆಗಡಿಯಾದರೂ ಅವಳು ಅಷ್ಟು ಯಾಕೆ ಒದ್ದಾಡುತ್ತಿದ್ದಳೆಂದು ನನಗೆ ಆಗ ತಿಳಿಯಿತು.

ಆಪರೇಷನ್ ಸುಸೂತ್ರವಾಯಿತು. ಮರಳಿ ಬರುವಾಗ ಚೌಡಾಪುರದಲ್ಲಿ ಚಹಾಕ್ಕೆ ನಿಂತೆವು. ಅವ್ವ ಕಾರಿನಲ್ಲಿ ಮಲಗಿದ್ದಳು. ನಾನು ತಮ್ಮನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಕಪ್ಪನ್ನು ಅಲ್ಲೇ ಇಟ್ಟು, "ನನ್ನ ಸಲುವಾಗಿ ಹೆದರಿ ಕುಂತಾಳೇನು ಇಷ್ಟು ವರ್ಷ?" ಎಂದ. ಆ ಚಹಾ ಅಲ್ಲೇ ಆರಿಹೋಯಿತು.

ಆಮೇಲೆ ಹುಡುಕಾಟ ಶುರುವಾಯಿತು. ಆ ಕಾರ್ಟೂನಿನ ಆಟಿಕೆಗಳನ್ನು ಕೂಡಿಡುವ ದೊಡ್ಡ ಮನುಷ್ಯರೇ ಜಗತ್ತಿನಲ್ಲಿ ಇದ್ದಾರಂತೆ. ಎಲ್ಲೋ ದೂರದ ದೇಶದವನೊಬ್ಬ ತಮ್ಮನಿಗೆ ಸಾವಧಾನವಾಗಿ ಉತ್ತರಿಸಿದ. ಆ ಸಾಸಿವೆ ಬಣ್ಣದ ಕಾರಿನ ಆಟಿಕೆ ಹೊರಗೆ ಬರಲೇ ಇಲ್ಲ. ಯಾವ ಊರಿಗೂ, ಯಾವ ಅಂಗಡಿಗೂ. ಅದನ್ನು ಮಾಡಲು ಬರುತ್ತಿರಲಿಲ್ಲವಂತೆ. ಚಿತ್ರ ಬರೆದವರು ಮನಸ್ಸಿಗೆ ಬಂದಂತೆ ಮಡಚಿಬಿಟ್ಟಿದ್ದರು. ಬಾಗಿಲು ತೋಳಾಗುವಾಗ ಚಕ್ರ ಎಲ್ಲಿ ಹೋಗುತ್ತದೆ, ಮುಚ್ಚಳ ಎದೆಯಾದರೆ ತಲೆ ಎಲ್ಲಿಂದ ಬರುತ್ತದೆ, ಕೇಳುವ ಹಾಗಿಲ್ಲ. ಗೆರೆಯಲ್ಲಿ ಏಳುತ್ತದೆ, ವಸ್ತುವಿನಲ್ಲಿ ಏಳುವುದಿಲ್ಲ.

ತಮ್ಮ ನಂಬಲಿಲ್ಲ. ಇಂಜಿನಿಯರ್ ಅಲ್ಲವೇ? ರಟ್ಟು ಕತ್ತರಿಸಿ, ಅಂಟಿಸಿ, ಮಡಚಿ ನೋಡಿದ. ತೋಳು ಬಂದರೆ ಎದೆ ಬರಲಿಲ್ಲ, ಎದೆ ಬಂದರೆ ಅದು ಮತ್ತೆ ಕಾರಾಗಲಿಲ್ಲ. ಅವನ ಮನೆಯ ತುಂಬ ರಟ್ಟಿನ ಚೂರು. ಕೊನೆಗೆ ಅವ್ವನ ಮುಂದೆ ಕೂತು ನಿಜ ಹೇಳಿದ.

"ಹಂಗಾರ ಟೀವಿಯೊಳಗ ಇದ್ದದ್ದೇನು?" ಎಂದಳು.

"ಬರೇ ಚಿತ್ರ ಅವ್ವಾ."

"ಬರೇ ಚಿತ್ರಕ್ಕ ಅಷ್ಟು ಜ್ವರದಾಗ ಹಲುಬಿದ್ಯೇನು?"

ಅವಳ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ ನಾನು ವಕೀಲಿಗೆ ಇಳಿದೆ. ಆಗದ ಕೆಲಸವನ್ನು ಮಾಡುತ್ತೇನೆಂದು ಮಾಡಿಕೊಂಡ ಕರಾರು ಕಾನೂನಿನ ಕಣ್ಣಿನಲ್ಲಿ ಕರಾರೇ ಅಲ್ಲ, ಅದು ಅಲ್ಲಿಗೇ ಬಿದ್ದುಹೋಗುತ್ತದೆ, ದೇವಿಗೂ ಇದು ತಿಳಿಯದ್ದಲ್ಲ ಎಂದು ವಾದಿಸಿದೆ. ಗುಡಿಗೆ ತಪ್ಪುಕಾಣಿಕೆ ಕೊಟ್ಟರೆ ಮುಗಿಯಿತು, ಊರೆಲ್ಲ ಹಾಗೇ ಮಾಡುತ್ತದೆ ಎಂದೆ.

"ಆಕಿ ತನ್ನ ಮಾತಿನ್ಯಾಗ ಅರ್ಧಕ್ಕ ಬಿಟ್ಟಳೇನು? ಮಗನ್ನ ಅರ್ಧಾ ಉಳಿಸಿ ಕೊಟ್ಟಳೇನು?" ಎಂದಳು ಅವ್ವ. "ಕೋರ್ಟಿನ ಮಾತು ಕೋರ್ಟಿನ್ಯಾಗ ಇಡು."

ಜೇವರ್ಗಿಯಲ್ಲಿ ಯಾವ ಜಡ್ಜೂ ನನ್ನನ್ನು ಅಷ್ಟು ಬೇಗ ಕೂಡಿಸಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಎರೆಮಣ್ಣು ತಂದು, ನಾದಿ, ಎತ್ತುಗಳನ್ನೂ ಅವುಗಳ ಮೇವಿನ ಗ್ವಾದಲಿಯನ್ನೂ ಮಾಡಿ ಪೂಜಿಸುತ್ತೇವೆ. ಕಣ್ಣಿಗೆ ಜೋಳದ ಕಾಳು ಒತ್ತುತ್ತೇವೆ. ಆ ದಿನದ ಮಟ್ಟಿಗೆ ಅದನ್ನು ಯಾರೂ ಮಣ್ಣು ಎನ್ನುವುದಿಲ್ಲ, ಎತ್ತು ಎನ್ನುತ್ತೇವೆ, ಅದಕ್ಕೆ ಹೋಳಿಗೆಯ ಎಡೆ ಹಿಡಿಯುತ್ತೇವೆ. ನಾನೂ ಅಫಜಲಪುರಕ್ಕೆ ಬಂದಿದ್ದೆ. ಅವ್ವ ಬೆಳಿಗ್ಗೆಯೇ ಎದ್ದು ಹೋಳಿಗೆ ಮುಗಿಸಿ, ಪಡಸಾಲೆಯಲ್ಲಿ ಮಣ್ಣು ಹರಡಿಕೊಂಡು ಕೂತಿದ್ದಳು. ಹೊಟ್ಟೆಯ ಹೊಲಿಗೆ ಇನ್ನೂ ಹಿಡಿಯುತ್ತಿತ್ತು. ತಮ್ಮ ಎದುರಿಗೆ ಕೂತು ಮಣ್ಣು ನಾದಿ ಕೊಡುತ್ತಿದ್ದ.

ನಾದುತ್ತ ನಾದುತ್ತ ಅವನ ಕೈ ನಿಂತಿತು. ಮುಷ್ಟಿಯಷ್ಟು ಮಣ್ಣು ತೆಗೆದುಕೊಂಡು ಗಿಡ್ಡ ಕಾರೊಂದನ್ನು ಮಾಡಿದ. ನೆಲದ ಮೇಲಿಟ್ಟು ನೋಡಿದ. ನಂತರ ಎರಡೂ ಬದಿಯ ಬಾಗಿಲುಗಳನ್ನು ಹೆಬ್ಬೆರಳಿನಿಂದ ಎಳೆದ, ತೋಳಾದವು. ಮುಂಭಾಗವನ್ನು ಮೇಲಕ್ಕೆ ಒತ್ತಿದ, ಎದೆಯಾಯಿತು. ಚಕ್ರಗಳನ್ನು ಕೆಳಕ್ಕೆ ಜಗ್ಗಿದ, ಕಾಲಾದವು. ಎತ್ತಿ ನಿಲ್ಲಿಸಿದ. ನಿಂತಿತು. ಮತ್ತೆ ಅದನ್ನೇ ಒತ್ತಿ ಕಾರು ಮಾಡಿದ. ರಟ್ಟಿನಲ್ಲಿ ಆಗದ್ದು ಹಸಿ ಮಣ್ಣಿನಲ್ಲಿ ಆಗುತ್ತಿತ್ತು.

ಅವ್ವ ಎತ್ತಿನ ಕೋಡು ತೀಡುತ್ತಿದ್ದವಳು ಅದನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಜೋಳದ ತಟ್ಟೆಯಿಂದ ಒಂದು ಕಾಳು ತೆಗೆದು ಅವನತ್ತ ಚಾಚಿದಳು.

"ಕಣ್ಣು ಎಡಕ್ಕ ಇತ್ತು," ಎಂದಳು.

ನನ್ನ ಕೆಟ್ಟ ಬಾಯಿ ಸುಮ್ಮನಿರಬೇಕಲ್ಲ. "ಇದು ಅಂಗಡಿಯಿಂದ ತಂದದ್ದಲ್ಲಲ್ಲ ಅವ್ವಾ, ನಡೀತದೇನು?" ಎಂದುಬಿಟ್ಟೆ.

"ನಾ ಅಂಗಡಿ ಅಂತ ಎಲ್ಲಿ ಬೇಡಿಕೊಂಡೇನಿ? ಮನಿಗೆ ಬರ್ತದ, ಗುಡಿಗೆ ಬಂದು ಎದ್ದು ನಿಲ್ತದ ಅಂದಿದ್ದೆ. ಮನಿಗಂತೂ ಬಂತು. ಏಳು, ಗಾಡಿ ತಗಿ."

ತಮ್ಮ ಆ ಮಣ್ಣಿನ ಕಾರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ. ನಮ್ಮ ಕಾರನ್ನು ನಾನು ನಡೆಸಿದೆ. ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ, ಹೋಳಿಗೆಯ ಡಬ್ಬಿ. ಹರಕೆ ತನಗಾಗದು ಎನ್ನುವ ಅಪ್ಪ ದಾರಿಯುದ್ದಕ್ಕೂ "ನೀರು ಹೊಡಿ, ನೀರು ಹೊಡಿ, ಒಣಗ್ತದ," ಎಂದು ತಮ್ಮನ ತಲೆ ತಿಂದ.

ಅಮಾವಾಸ್ಯೆಗೆ ಘತ್ತರಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾಲು ಹೊರಗೆ ಬಂದಿತ್ತು, ಬಿಸಿಲು ಸುಡುತ್ತಿತ್ತು. ತಂದ ನೀರಿನ ಬಾಟಲಿ ಸಾಲಿನಲ್ಲೇ ಖಾಲಿಯಾಯಿತು. ದೇವಿಯ ಮುಂದೆ ಬಂದಾಗ, ಸುತ್ತಿದ್ದ ಬಟ್ಟೆಯನ್ನು ತಮ್ಮ ಬಿಚ್ಚಿದ. ಕಾರಿನ ಅಂಚುಗಳು ಬಿರಿದಿದ್ದವು.

"ಏನ್ರೀ ಇದು?" ಎಂದ ಪೂಜಾರಿ.

"ಗಾಡಿ," ಎಂದಳು ಅವ್ವ. "ಹರಕಿ ಗಾಡಿ. ಈಗ ಎದ್ದು ನಿಲ್ತದ, ಜರಾ ತಡೀರಿ."

ಪೂಜಾರಿ ನನ್ನ ಮುಖ ನೋಡಿದ. ನಾನು ದೇವಿಯ ಮುಖ ನೋಡಿದೆ. ಹಿಂದಿನವರು, "ಸರೀರಿ ಮುಂದ, ಜಲ್ದಿ ಸರೀರಿ," ಎಂದು ಕೂಗುತ್ತಿದ್ದರು. ತಮ್ಮ ಮಂಡಿಯೂರಿ ಬಾಗಿಲಿಗೆ ಬೆರಳು ಹಚ್ಚಿದ. ಬಲಗಡೆಯದು ಪಟಕ್ಕನೆ ಮುರಿದು ಅವನ ಕೈಗೆ ಬಂತು. ಬ್ಯಾರೇಜಿನಿಂದ ಊರಿನ ನೀರನ್ನೆಲ್ಲ ಲೆಕ್ಕ ಹಾಕಿ ಬಿಡುವ ಮನುಷ್ಯ, ಅಲ್ಲಿ ಒಂದು ಹನಿ ನೀರಿಗೆ ಸುತ್ತಮುತ್ತ ನೋಡುತ್ತಿದ್ದ.

ಪೂಜಾರಿ ಆ ಹೊತ್ತಿಗೆ ಅವ್ವನ ಅಂಗೈಗೆ ತೀರ್ಥ ಹಾಕಿದ. ಅವ್ವ ಕುಡಿಯಲಿಲ್ಲ. ಬಗ್ಗಿ, ಕಷ್ಟಪಟ್ಟು ಬಗ್ಗಿ, ಅಂಗೈಯನ್ನು ಮಣ್ಣಿನ ಮೇಲೆ ತಿರುವಿದಳು. "ಇನ್ನೊಂದೀಟು ಹಾಕ್ರೀ," ಎಂದು ಮತ್ತೆ ಕೈ ಒಡ್ಡಿದಳು. ಪೂಜಾರಿ ಏನು ತಿಳಿದುಕೊಂಡನೋ, ಕೈಯಲ್ಲಿದ್ದ ಗಿಂಡಿಯನ್ನೇ ಬಗ್ಗಿಸಿದ. ಮಣ್ಣು ಮೆತ್ತಗಾಯಿತು. ತಮ್ಮ ಅದರ ಎದೆಯನ್ನು ಎತ್ತಿದ, ಕಾಲು ಎಳೆದ, ಉಳಿದ ಒಂದು ತೋಳನ್ನು ಎಳೆದ. ಜೋಳದ ಕಾಳನ್ನು ಹೆಗಲಿಗೆ ಒತ್ತಿದ. ಕೈ ಬಿಟ್ಟ.

ಅದು ನಿಂತಿತು. ಸ್ವಲ್ಪ ವಾಲಿ, ಒಂದೇ ತೋಳಿನಲ್ಲಿ.

"ಒಂದು ಕೈ ಬರಲಿಲ್ಲವ್ವಾ," ಎಂದ ತಮ್ಮ.

"ಸಾಕು. ನಿಂತಿತಲ್ಲ," ಎಂದಳು. ಅದಕ್ಕೆ ಭಂಡಾರ ಹಚ್ಚಿದಳು, ಅದೇ ಬೆರಳಿನಿಂದ ಮಗನ ಹಣೆಗೂ ಹಚ್ಚಿದಳು. ಹಿಂದಿನಿಂದ ಯಾರೋ ದಬ್ಬಿದರು, ನಾವು ಹೊರಗೆ ಬಂದೆವು. ಅಳು ನುಂಗಿಕೊಳ್ಳಲು ನಾನು ಚಪ್ಪಲಿ ಹುಡುಕುವ ನೆಪ ಮಾಡಿದೆ.

ಮಣ್ಣೆತ್ತುಗಳನ್ನು ನೀರಿಗೆ ಬಿಡುವಂತೆ ಅದನ್ನೂ ಹೊಳೆಗೆ ಬಿಟ್ಟೆವು. ತಮ್ಮನೇ ಇಳಿದು ಬಿಟ್ಟ. ನೀರು ಕಡಿಮೆಯಿತ್ತು, ಅದು ನಿಂತಲ್ಲೇ ಕರಗಿತು. ದಂಡೆಯ ಕಲ್ಲಿನ ಮೇಲೆ ಕೂತು ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ರೂಢಿಯಂತೆ ಮೊದಲು ಅಪ್ಪನಿಗೆ ಕೊಟ್ಟಳು. ರೂಢಿಯಂತೆ ಕೇಳಿದಳು. ರೂಢಿಯಂತೆ ಅವನು "ಬರೋಬ್ಬರಿ ಆಗ್ಯಾವ" ಎಂದ. ನಂತರ ತನಗೊಂದು ತೆಗೆದುಕೊಂಡು, ಮುರಿದು, ಒಂದು ಚೂರನ್ನು ಬಾಯಿಗೆ ಇಟ್ಟಳು. ನಾವೆಲ್ಲ ಹೊಳೆಯ ಕಡೆ ನೋಡುತ್ತ ಕೂತೆವು.

ಅಗಿಯುವುದು ನಿಂತಿತು.

"ಏನ್ರೀ," ಎಂದಳು.

"ಹ್ಞಾಂ."

"ಇದರಾಗ ಬ್ಯಾಳಿ ಅದನೋ ಬರೇ ಏಲಕ್ಕಿನೋ?"

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದ.

"ಯಾವಾಗಿಂದ ಹಿಂಗ ಆಗಾಕತ್ತಾವ?" ಅವಳು ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು. "ಪ್ರತಿ ಹಬ್ಬಕ್ಕ ಕೇಳೇನಿ ನಿಮ್ಮನ್ನ. ಪ್ರತಿ ಹಬ್ಬಕ್ಕ ಬರೋಬ್ಬರಿ ಅಂದ್ರಿ. ಇಂಥಾವ್ನ ಹ್ಯಾಂಗ ತಿಂದ್ರೀ ಇಷ್ಟು ವರ್ಷ?"

"ನೀ ಬಿಟ್ಟಿದ್ದಿ. ನಾ ತಿಂದೆ," ಎಂದ ಅಪ್ಪ. ಡಬ್ಬಿಯತ್ತ ಕೈ ಚಾಚಿದ. "ಇನ್ನೊಂದು ಹಾಕು."

ಅವ್ವ ಹಾಕಲಿಲ್ಲ. ಅವನ ಕೈಯಲ್ಲಿ ಉಳಿದಿದ್ದ ಅರ್ಧವನ್ನೂ ಕಸಿದು ಡಬ್ಬಿಗೆ ಹಾಕಿ ಮುಚ್ಚಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇವು ಬ್ಯಾಡ," ಎಂದಳು. "ನಾಳಿಗೆ ಬ್ಯಾರೆ ಮಾಡ್ತೇನಿ."